ಮೊದಲ ಕ್ರೂಸ್‌ಗೆ ಯಾವ ಶೂ, ಯಾವ ಚಪ್ಪಲಿ?

ನಮ್ಮ ಕಡೆಯಿಂದ ಮೊದಲ ಸಲ ಕ್ರೂಸ್ ಹೊರಡುವವರಲ್ಲಿ ಅನೇಕರು ಹಿಡಿಯುವುದು ಸಿಂಗಪುರದ ದಾರಿ. ವಿಮಾನದಲ್ಲಿ ಅಲ್ಲಿಗೆ ಹೋಗಿ, ಮರೀನಾ ಬೇ ಟರ್ಮಿನಲ್‌ನಲ್ಲಿ ಹಡಗು ಹತ್ತಿ, ಮೂರು ನಾಲ್ಕು ರಾತ್ರಿಯಲ್ಲಿ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿ ವಾಪಸ್. ಹಡಗಿನಲ್ಲಿ ಸಸ್ಯಾಹಾರ ಸಿಗುತ್ತಾ, ವೈಫೈಗೆ ಎಷ್ಟು ದುಡ್ಡು, ಎಲ್ಲ ಮೊದಲೇ ವಿಚಾರಿಸುತ್ತಾರೆ. ಕಾಲಿಗೆ ಏನು ಹಾಕಬೇಕು ಅನ್ನೋದು ಮಾತ್ರ ಹೊರಡುವ ಹಿಂದಿನ ರಾತ್ರಿ ನೆನಪಾಗುತ್ತದೆ. ಆಗ ಶೂ ಸ್ಟ್ಯಾಂಡ್ ಮುಂದೆ ನಿಂತು, ಯಾವುದಕ್ಕೂ ಇರಲಿ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ತುರುಕುತ್ತಾರೆ. ಅದರಲ್ಲಿ ಅರ್ಧ ಸೂಟ್‌ಕೇಸಿನಿಂದ ಹೊರಗೇ ಬರುವುದಿಲ್ಲ. ನಿಜವಾಗಿ ಬೇಕಾದದ್ದು ಮನೆಯಲ್ಲೇ ಉಳಿದಿರುತ್ತದೆ.

ನನ್ನ ಲೆಕ್ಕದಲ್ಲಿ ಒಬ್ಬರಿಗೆ ಮೂರು ಜೊತೆ ಸಾಕು. ಆದರೆ ಯಾವ ಮೂರು ಅಂತ ಬಟ್ಟೆ ನೋಡಿ ತೀರ್ಮಾನ ಮಾಡಬೇಡಿ. ನೆಲ ನೋಡಿ ಮಾಡಿ.

ಮೊದಲು ನೆಲದ ಪಟ್ಟಿ

ಬುಕಿಂಗ್ ಜೊತೆ ಬಂದ ದಿನಚರಿ ತೆಗೆದುಕೊಳ್ಳಿ. ಪ್ರತಿ ದಿನದ ಮುಂದೆ, ಅವತ್ತು ಎಂಥ ನೆಲದ ಮೇಲೆ ಕಾಲಿಡುತ್ತೀರಿ ಅಂತ ಬರೆಯಿರಿ. ಹಡಗಿನೊಳಗೆ ಉದ್ದುದ್ದ ಕಾರ್ಪೆಟ್ ಹಾಸಿದ ಓಣಿಗಳು. ಈಜುಕೊಳದ ಸುತ್ತ ಸದಾ ಒದ್ದೆಯಾಗಿರುವ, ಮಧ್ಯಾಹ್ನ ಕಾಲು ಚುರುಗುಟ್ಟುವ ಡೆಕ್. ಊರಿನೊಳಗೆ ಕಲ್ಲು, ಸಿಮೆಂಟು, ಮೆಟ್ಟಿಲು. ಬೀಚಿನಲ್ಲಿ ಮರಳು. ದೇವಸ್ಥಾನ ಇದ್ದರೆ ಬರಿಗಾಲು.

ಪಕ್ಕದಲ್ಲೇ ಇನ್ನೊಂದು ವಿಷಯ ಬರೆದುಕೊಳ್ಳಿ. ಆ ಊರಿನಲ್ಲಿ ಹಡಗು ದಕ್ಕೆಗೆ ತಾಗಿ ನಿಲ್ಲುತ್ತದೋ, ಇಲ್ಲಾ ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಕಳಿಸುತ್ತಾರೋ? ಈ ಸಣ್ಣ ದೋಣಿಗೆ ಟೆಂಡರ್ ಅನ್ನುತ್ತಾರೆ. ಪೆನಾಂಗ್‌ನಲ್ಲಿ ಹಡಗು ಸ್ವೆಟನ್‌ಹ್ಯಾಮ್ ಪಿಯರ್‌ಗೇ ಬಂದು ನಿಲ್ಲುತ್ತದೆ, ಇಳಿದು ನಡೆದೇ ಊರು ಸೇರಬಹುದು. ಫುಕೆಟ್‌ನ ಪಟಾಂಗ್‌ನಲ್ಲಿ ದೊಡ್ಡ ಹಡಗುಗಳು ಕೊಲ್ಲಿಯಲ್ಲೇ ನಿಂತು ಟೆಂಡರ್‌ನಲ್ಲಿ ಕಳಿಸುತ್ತವೆ.

ಟೆಂಡರ್ ಹತ್ತುವ ಆ ಒಂದು ಹೆಜ್ಜೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಹಡಗಿನ ಪಕ್ಕದ ಬಾಗಿಲಲ್ಲಿ ಸಾಲಾಗಿ ನಿಂತಿರುತ್ತೀರಿ. ಎದುರಿನ ದೋಣಿ ಒಂದು ಗಳಿಗೆ ನಿಮ್ಮ ಮಟ್ಟಕ್ಕೆ ಬರುತ್ತದೆ, ಮರುಗಳಿಗೆ ಗೇಣುದ್ದ ಕೆಳಗೆ ಇಳಿಯುತ್ತದೆ. ಸಿಬ್ಬಂದಿ ಇಬ್ಬರು ಎರಡೂ ತೋಳು ಹಿಡಿದುಕೊಂಡು, ದೋಣಿ ಮೇಲೆ ಬಂದಾಗ ಈಗ ಅನ್ನುತ್ತಾರೆ. ತಕ್ಷಣ ಕಾಲಿಡಬೇಕು. ನೆಲ ಒದ್ದೆ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಅಲ್ಲೇ ಜಾರಿ ನೀರಿಗೆ ಬಿದ್ದರೆ ಅದನ್ನು ಯಾರೂ ಎತ್ತಿಕೊಡುವುದಿಲ್ಲ. ಹಾಗಾಗಿ ಟೆಂಡರ್ ಇರುವ ದಿನ ಹಿಮ್ಮಡಿಗೆ ಹಿಡಿತ ಇರುವುದೇ ಬೇಕು. ಸೀರೆ, ಹೈ ಹೀಲ್ಸ್ ಎರಡೂ ಅವತ್ತು ಬೇಡ.

ಮೊದಲನೇ ಜೊತೆ: ನಡೆಯುವುದಕ್ಕೆ

ಕ್ರೂಸ್ ಅಂದರೆ ಕೂತು ತಿನ್ನುವುದು ಅಂದುಕೊಂಡವರಿಗೆ ಮೊದಲ ದಿನವೇ ಕಾಲು ನೋಯುತ್ತದೆ. ದೊಡ್ಡ ಹಡಗು 300 ಮೀಟರಿಗಿಂತ ಉದ್ದ. ನಿಮ್ಮ ರೂಮು ಒಂದು ತುದಿಯಲ್ಲಿದ್ದು ಊಟದ ಹಾಲ್ ಇನ್ನೊಂದು ತುದಿಯಲ್ಲಿದ್ದರೆ, ತಿಂಡಿ, ಊಟ, ಮರೆತು ಬಂದ ಕನ್ನಡಕ ಅಂತ ದಿನಕ್ಕೆ ಹತ್ತು ಸಲ ಓಡಾಟ. ಲಿಫ್ಟಿಗೆ ಜನ ಜಾಸ್ತಿ, ಅದಕ್ಕೆ ಮೆಟ್ಟಿಲು ಬೇರೆ.

ಆದರೆ ಈ ಶೂಗೆ ನಿಜವಾದ ಕೆಲಸ ಇರುವುದು ಪೆನಾಂಗ್‌ನಲ್ಲಿ. ಅಲ್ಲಿನ ಜಾರ್ಜ್ ಟೌನ್ 2008ರಿಂದ ವಿಶ್ವ ಪರಂಪರೆಯ ತಾಣ. ಹಳೇ ಅಂಗಡಿ ಸಾಲು, ಒಂದೊಂದರ ಮುಂದೆಯೂ ಮಾಡು ಇಳಿಸಿದ ಜಗಲಿ. ನಡೆಯುವ ದಾರಿಯೇ ಆ ಜಗಲಿ. ಬಿಸಿಲು ಮಳೆ ಎರಡಕ್ಕೂ ನೆರಳು ಸಿಗುತ್ತದೆ, ಚೆನ್ನಾಗಿದೆ. ತೊಂದರೆ ಏನೆಂದರೆ ಪ್ರತಿ ಅಂಗಡಿಯ ಜಗಲಿಯೂ ಬೇರೆ ಬೇರೆ ಎತ್ತರದಲ್ಲಿರುತ್ತದೆ. ಒಂದು ಕಡೆ ಮೆಟ್ಟಿಲು ಹತ್ತಿ, ಇನ್ನೊಂದು ಕಡೆ ಇಳಿದು, ಮುಂದೆ ನಯವಾದ ಹಳೇ ಟೈಲ್ಸ್ ಮೇಲೆ ಕಾಲಿಡಬೇಕು. ಮಳೆ ಬಂದರೆ ಆ ಟೈಲ್ಸ್ ಜಾರುತ್ತದೆ. ಪಕ್ಕದಲ್ಲಿ ತೆರೆದ ಚರಂಡಿ. ಗೋಡೆ ಮೇಲಿನ ಚಿತ್ರ ನೋಡುತ್ತಾ ನಡೆಯುವ ಊರು ಅದು, ಕಣ್ಣು ನೆಲದ ಮೇಲೆ ಇರುವುದಿಲ್ಲ. ಚ್ಯೂ ಜೆಟ್ಟಿ ಕಡೆ ಹೋದರೆ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳ ನಡುವೆ ಮರದ ಹಲಗೆಯ ದಾರಿ, ಹಲಗೆ ಹಲಗೆ ಮಧ್ಯೆ ಸಂದು. ಪೆನ್ಸಿಲ್ ಹೀಲ್ಸ್ ಸಿಕ್ಕಿಹಾಕಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಇಂಥ ಊರಿಗೆ ಬೇಕಾದದ್ದು ರಬ್ಬರ್ ಅಟ್ಟೆಯ, ಗಾಳಿಯಾಡುವ ಮಾಮೂಲಿ ವಾಕಿಂಗ್ ಶೂ. ಅಟ್ಟೆಯನ್ನು ತಿರುಗಿಸಿ ನೋಡಿ. ಗೆರೆಗಳು ಸವೆದು ನುಣ್ಣಗಾಗಿದ್ದರೆ ಮನೆಯಲ್ಲೇ ಬಿಡಿ. ಬಿಳಿ ಬಣ್ಣ ಫೋಟೋಗೆ ಚೆಂದ, ಚರಂಡಿ ಪಕ್ಕ ಅಲ್ಲ. ಬೂದು ಅಥವಾ ಗಾಢ ನೀಲಿ ತಗೊಂಡರೆ ರಾತ್ರಿ ಸಾದಾ ಊಟಕ್ಕೂ ನಡೆಯುತ್ತದೆ. ಜಿಮ್, ಗೋಡೆ ಹತ್ತುವ ಆಟ, ಜಿಪ್‌ಲೈನ್ ಇರುವ ಹಡಗಾದರೆ ಅಲ್ಲೂ ಬೆರಳು ಮುಚ್ಚುವ ಶೂ, ಸಾಕ್ಸ್ ಕೇಳುತ್ತಾರೆ. ಶೂ ತಂದು ಸಾಕ್ಸ್ ಮರೆತ ಮಕ್ಕಳು ಸಾಲಿನಲ್ಲಿ ನಿಂತು ಅಳುವುದು ಮಾಮೂಲು. ದಿನಕ್ಕೊಂದು ಜೊತೆ, ಮೇಲೆ ಎರಡು ಜೊತೆ ಹೆಚ್ಚು ಸಾಕ್ಸ್ ಇರಲಿ. ಅದಕ್ಕೇನೂ ಭಾರ ಇಲ್ಲ.

ಎರಡನೇ ಜೊತೆ: ಒದ್ದೆಗೆ

ನಮ್ಮವರು ಫ್ಲೋಟರ್ಸ್ ಅನ್ನುತ್ತೇವಲ್ಲ, ಹಿಮ್ಮಡಿಗೂ ಪಟ್ಟಿ ಇರುವ ಸ್ಯಾಂಡಲ್, ಅದೇ. ಕ್ರೂಸ್‌ಗೆ ಒಂದೇ ಜೊತೆ ತಗೊಂಡು ಹೋಗಬೇಕು ಅಂತ ಯಾರಾದರೂ ಹಟ ಹಿಡಿದರೆ ನಾನು ಇದನ್ನೇ ಆರಿಸುತ್ತೇನೆ. ಟೆಂಡರ್‌ಗೆ ಆಗುತ್ತದೆ, ಬೀಚಿಗೆ ಆಗುತ್ತದೆ, ಡೆಕ್ಕಿಗೆ ಆಗುತ್ತದೆ. ನೆನೆದರೆ ಬೇಗ ಒಣಗುತ್ತದೆ. ಚರ್ಮದ ಪಟ್ಟಿ ಇರುವುದು ಬೇಡ, ಸಿಂಥೆಟಿಕ್ ಪಟ್ಟಿ, ವೆಲ್ಕ್ರೋ ಇರುವುದು ನೋಡಿ.

ಫುಕೆಟ್‌ನಿಂದ ಫಿ ಫಿ ದ್ವೀಪದ ಕಡೆ ಸ್ಪೀಡ್‌ಬೋಟಿನಲ್ಲಿ ಹೋಗುವವರಿಗೆ ಒಂದು ಮಾತು. ಬೋಟ್ ಹತ್ತುವ ಮೊದಲು ಎಲ್ಲರ ಚಪ್ಪಲಿಯನ್ನೂ ಒಂದೇ ಬುಟ್ಟಿಗೆ ಹಾಕಿಸಿಕೊಳ್ಳುವ ರೂಢಿ ಅಲ್ಲಿ ಇದೆ. ಇಳಿಯುವಾಗ ಒಂದೇ ಥರದ ಕಪ್ಪು ಚಪ್ಪಲಿಗಳ ರಾಶಿಯಲ್ಲಿ ನಿಮ್ಮದು ಹುಡುಕಬೇಕು. ಪಟ್ಟಿಗೆ ಬಣ್ಣದ ದಾರ ಕಟ್ಟಿಕೊಳ್ಳಿ. ದುಬಾರಿ ಸ್ಯಾಂಡಲ್ ಅವತ್ತು ಹಾಕಬೇಡಿ.

ಹವಾಯಿ ಚಪ್ಪಲಿ? ತಗೊಳ್ಳಿ, ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ರೂಮಿನೊಳಗೆ ಓಡಾಡಲು, ಈಜುಕೊಳದವರೆಗೆ ಹೋಗಿ ಬರಲು ಸರಿ. ಅಟ್ಟೆ ಸವೆದ ಹಳೇ ಹವಾಯಿ ಮಾತ್ರ ಬೇಡವೇ ಬೇಡ, ಒದ್ದೆ ಡೆಕ್ಕಿನ ಮೇಲೆ ಅದು ಸೋಪಿನ ಹಾಗೆ. ಮಕ್ಕಳಿಗೆ ಕ್ರಾಕ್ಸ್ ಚೆನ್ನಾಗಿ ಆಗುತ್ತದೆ. ಆದರೆ ವಿಮಾನ ನಿಲ್ದಾಣದ ಎಸ್ಕಲೇಟರ್ ಮೇಲೆ ಅಂಚಿಗೆ ಕಾಲು ತಾಗಿಸಿ ನಿಲ್ಲಲು ಬಿಡಬೇಡಿ. ಆ ಮೆತ್ತನೆ ರಬ್ಬರ್ ಪಕ್ಕದ ಸಂದಿನಲ್ಲಿ ಸಿಕ್ಕಿಕೊಂಡು ಬೆರಳಿಗೆ ಏಟಾದದ್ದುಂಟು.

ಮೂರನೇ ಜೊತೆ: ರಾತ್ರಿ ಊಟಕ್ಕೆ

ಇಲ್ಲಿ ಅನಗತ್ಯ ಭಯ ಜಾಸ್ತಿ. ಫಾರ್ಮಲ್ ನೈಟ್ ಅಂದ ತಕ್ಷಣ ಸೂಟು ಬೂಟು ಅಂತ ಓಡುತ್ತಾರೆ. ಮೂರು ನಾಲ್ಕು ರಾತ್ರಿಯ ರಜೆ ಕ್ರೂಸ್‌ಗಳಲ್ಲಿ ಅಂಥ ಕಟ್ಟುನಿಟ್ಟು ಕಡಿಮೆ. ಮುಖ್ಯ ಊಟದ ಹಾಲ್‌ಗಳಲ್ಲಿ ರಾತ್ರಿ ಹೊತ್ತು ಈಜುಡುಗೆ, ಬರಿಗಾಲು, ರಬ್ಬರ್ ಚಪ್ಪಲಿ ಬೇಡ ಅನ್ನುತ್ತಾರೆ, ಅಷ್ಟೇ. ಕ್ಯೂನಾರ್ಡ್‌ನಂಥ ಹಳೇ ಕಾಲದ ಶಿಸ್ತಿನ ಹಡಗು ಕಂಪನಿಯಾದರೆ ಮಾತು ಬೇರೆ. ನಿಮ್ಮ ಹಡಗಿನ ನಿಯಮ ಬುಕಿಂಗ್ ಮೇಲ್‌ನಲ್ಲೋ ಆ್ಯಪ್‌ನಲ್ಲೋ ಇರುತ್ತದೆ, ಓದಿ.

ಗಂಡಸರಿಗೆ ಲೇಸ್ ಇಲ್ಲದ ಲೋಫರ್ ಒಂದಿದ್ದರೆ ಮುಗಿಯಿತು. ಹೆಂಗಸರಿಗೆ ಚಪ್ಪಟೆ ಅಟ್ಟೆಯ ಅಥವಾ ಅಗಲ ಹಿಮ್ಮಡಿಯ ಸ್ಯಾಂಡಲ್. ಹಡಗು ಸ್ವಲ್ಪ ತೂಗಿದರೂ ಚೂಪು ಹೀಲ್ಸ್‌ನಲ್ಲಿ ಮೆಟ್ಟಿಲು ಇಳಿಯುವುದು ಕಷ್ಟ, ಜೊತೆಗೆ ಉದ್ದ ಸೀರೆ ಬೇರೆ.

ಕುರ್ತಾ ಹಾಕುವವರಿಗೆ, ಸೀರೆ ಉಡುವವರಿಗೆ ಕೊಲ್ಲಾಪುರಿ ಚಪ್ಪಲಿ ಅಂದ. ಇದು ಬರೀ ಮಹಾರಾಷ್ಟ್ರದ್ದಲ್ಲ. 2019ರಲ್ಲಿ ಸಿಕ್ಕ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಥಣಿಯ ಕಡೆ ಮಾಡಿದ್ದು ಕಾಲಿಗೆ ಹಾಕಿಕೊಂಡು ಹಡಗಿನ ಊಟದ ಹಾಲ್‌ಗೆ ಹೋಗುವುದರಲ್ಲಿ ನನಗೇನೋ ಒಂದು ಖುಷಿ ಇದೆ. ಆದರೆ ಎರಡು ಎಚ್ಚರಿಕೆ. ಹೊಸದು ಕಚ್ಚುತ್ತದೆ, ಹಾಗಾಗಿ ಉಂಗುಷ್ಟಕ್ಕೂ ಪಟ್ಟಿಗೂ ಎಣ್ಣೆ ಸವರಿ ಮನೆಯಲ್ಲೇ ಹಾಕಿ ಪಳಗಿಸಿ. ನೀರು ಸೋಕಿಸಬೇಡಿ. ಆ ಚರ್ಮ ನೀರು ಕುಡಿದು ಕಲೆಗಟ್ಟುತ್ತದೆ, ಒದ್ದೆ ನೆಲದ ಮೇಲೆ ಜಾರುತ್ತದೆ. ಡೆಕ್ಕಿಗೆ, ಟೆಂಡರ್‌ಗೆ ಅದು ಆಗುವುದಿಲ್ಲ.

ದೇವಸ್ಥಾನದ ದಿನ

ಪೆನಾಂಗ್‌ನ ಲಿಟಲ್ ಇಂಡಿಯಾದಲ್ಲಿ 1833ರ ಮಹಾಮಾರಿಯಮ್ಮನ ಗುಡಿ ಇದೆ. ಫುಕೆಟ್‌ನಲ್ಲಿ ವಾಟ್ ಚಲೋಂಗ್ ಅನ್ನುವ ಬೌದ್ಧ ದೇವಸ್ಥಾನ. ಎರಡೂ ಕಡೆ ಒಳಗೆ ಹೋಗಲು ಚಪ್ಪಲಿ ಬಿಡಬೇಕು. ಒಂದೇ ದಿನ ನಾಲ್ಕೈದು ಸಲ ಲೇಸ್ ಬಿಚ್ಚಿ ಕಟ್ಟುವುದು ಯಾರಿಗೆ ಬೇಕು? ಅಂಥ ದಿನ ಫ್ಲೋಟರ್ಸೇ ಹಾಕಿ. ಚೀಲದಲ್ಲಿ ಒಂದು ಜೊತೆ ಹಳೇ ಸಾಕ್ಸ್ ಇಟ್ಟುಕೊಳ್ಳಿ. ಮಧ್ಯಾಹ್ನದ ಅಂಗಳದ ಕಲ್ಲು ಕಾದಿರುತ್ತದೆ.

ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ಈ ಸಾಕ್ಸ್ ಮರೆಯಲೇಬೇಡಿ. ಪಾದದ ಸ್ಪರ್ಶ ಕಡಿಮೆಯಾದವರಿಗೆ ಕಾದ ಕಲ್ಲು, ಕಾದ ಮರಳು ಸುಟ್ಟದ್ದೇ ಗೊತ್ತಾಗುವುದಿಲ್ಲ. ಸಂಜೆ ಗುಳ್ಳೆ ಎದ್ದಾಗ ತಿಳಿಯುತ್ತದೆ. ಅವರು ದಿನಾ ಹಾಕುವ ಎಂಸಿಆರ್ ಚಪ್ಪಲಿ, ಅಂದರೆ ಶುಗರ್ ಇರುವವರಿಗೆಂದೇ ಮಾಡುವ ಮೆತ್ತನೆ ರಬ್ಬರಿನದು, ಇದ್ದರೆ ಅದನ್ನೇ ತರಲಿ. ಪ್ರವಾಸ ಅಂತ ಹೊಸ ಶೂ ಕೊಡಿಸುವ ಪ್ರೀತಿ ಅವರ ವಿಷಯದಲ್ಲಿ ಬೇಡ. ದಿನಾ ರಾತ್ರಿ ಮಲಗುವ ಮೊದಲು ಬೆರಳ ಸಂದು, ಪಾದದ ಅಡಿ ನೋಡಿ. ಬಗ್ಗಲು ಆಗದಿದ್ದರೆ ಮಗನೋ ಸೊಸೆಯೋ ಟಾರ್ಚ್ ಹಿಡಿದು ನೋಡಲಿ.

ಬೇರೆ ಕಡೆ ಹೋಗುವವರಿಗೆ

ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗು ದ್ವೀಪದಿಂದ ದೂರವೇ ನಿಲ್ಲುತ್ತದೆ, ದೋಣಿಯಲ್ಲೇ ದಡ ಸೇರಬೇಕು. ಅಲ್ಲಿನ ಬೀಚಿನಲ್ಲಿ ಮರಳಿನ ಜೊತೆ ಒಡೆದ ಹವಳದ ಚೂರು ಇರುತ್ತದೆ, ಬರಿಗಾಲಿಗೆ ಗಾಜಿನಷ್ಟೇ ಚೂಪು. ತೆಳು ರಬ್ಬರ್ ಅಟ್ಟೆಯ, ಕಾಲಿಗೆ ಅಂಟಿ ಕೂರುವ ವಾಟರ್ ಶೂ ಅಲ್ಲಿ ಫ್ಲೋಟರ್ಸಿಗಿಂತ ಒಳ್ಳೆಯದು. ಅದು ಕಾಲಲ್ಲಿದೆ ಅಂತ ಜೀವಂತ ಹವಳದ ಮೇಲೆ ನಿಲ್ಲಬೇಡಿ. ಚೂರುಗಳನ್ನು ಶೂ ಒಳಗೆ ಮುಚ್ಚಿಟ್ಟು ತರುವುದೂ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳಕ್ಕೂ ಅನ್ವಯಿಸುತ್ತದೆ.

ಅಮೆರಿಕದಲ್ಲಿ ಮಗಳ ಮನೆಗೆ ಹೋದ ಅಪ್ಪ ಅಮ್ಮನನ್ನು ಅಲಾಸ್ಕಾಕ್ಕೆ ಕರೆದುಕೊಂಡು ಹೋಗುವುದು ಈಗ ಸಾಮಾನ್ಯ. ಅಲ್ಲಿ ಲೆಕ್ಕವೇ ಬೇರೆ. ಕೆಚಿಕನ್ ಅನ್ನುವ ಊರಿನಲ್ಲಿ ಮಳೆ ನಮ್ಮ ಮಲೆನಾಡನ್ನು ನೆನಪಿಸುತ್ತದೆ, ಚಳಿ ಮಾತ್ರ ಮಲೆನಾಡಿನದಲ್ಲ. ಜೂನೋದ ಮೆಂಡನ್‌ಹಾಲ್ ಹಿಮನದಿ ಹತ್ತಿರ ಜಲಪಾತದವರೆಗೆ ನಡೆಯುವ ದಾರಿ ಇದೆ. ನೀರು ಒಳಗೆ ಬಿಡದ ಶೂ, ಉಣ್ಣೆ ಸಾಕ್ಸ್ ಬೇಕು. ಹತ್ತಿಯ ಸಾಕ್ಸ್ ಒದ್ದೆಯಾದರೆ ಒಣಗುವುದಿಲ್ಲ, ಕಾಲು ಮರಗಟ್ಟುತ್ತದೆ. ಕೆರಿಬಿಯನ್ ಕಡೆಯಾದರೆ ಸಿಂಗಪುರದ ಪಟ್ಟಿಯೇ ಸಾಕು. ಜಮೈಕಾದ ಡನ್ಸ್ ರಿವರ್ ಜಲಪಾತವನ್ನು ಕೈ ಕೈ ಹಿಡಿದು ಹತ್ತುವವರು ವಾಟರ್ ಶೂ ಹಾಕಿಕೊಳ್ಳಿ.

ಹೊರಡುವ ಎರಡು ವಾರ ಮೊದಲು

ಹೊಸ ಶೂ ತಗೊಳ್ಳುವುದಿದ್ದರೆ ಸಂಜೆ ಹೊತ್ತು ಅಂಗಡಿಗೆ ಹೋಗಿ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ವಿಮಾನ ಇಳಿದಾಗಲೂ ಹಾಗೇ ಇರುತ್ತದೆ. ಉದ್ದದ ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ತಂದ ಮೇಲೆ ಡಬ್ಬದಲ್ಲಿ ಇಡಬೇಡಿ. ಹಾಲು ತರಲು, ಮಕ್ಕಳನ್ನು ಬಸ್ಸಿಗೆ ಬಿಡಲು ಅದನ್ನೇ ಹಾಕಿ, ಮೆಟ್ಟಿಲು ಹತ್ತಿ ಇಳಿಯಿರಿ. ಕಚ್ಚುವ ಶೂ ಸಾಮಾನ್ಯವಾಗಿ ಮೆಟ್ಟಿಲ ಮೇಲೇ ಹಿಮ್ಮಡಿಗೆ ಹಲ್ಲು ಹಾಕುವುದು. ಎಲ್ಲಿ ಉಜ್ಜುತ್ತದೆ ಅಂತ ಗೊತ್ತಾದರೆ ಪ್ರವಾಸದ ದಿನ ಬೆಳಿಗ್ಗೆಯೇ ಅಲ್ಲಿಗೆ ಮೈಕ್ರೋಪೋರ್ ಟೇಪ್ ಅಂಟಿಸಿಕೊಳ್ಳಬಹುದು.

ಹಳೇ ಶೂಗಳನ್ನು ಇನ್ನೂ ಹೆಚ್ಚು ಅನುಮಾನದಿಂದ ನೋಡಿ. ನಮ್ಮ ಮಾವನವರು ಮಗಳ ಮದುವೆಗೆ ತಗೊಂಡ ಕಪ್ಪು ಶೂ ಅಟ್ಟದ ಮೇಲೆ ಡಬ್ಬದಲ್ಲೇ ಇತ್ತು. ಮೇಲ್ಗಡೆ ಚರ್ಮ ಮಿಂಚುತ್ತಿತ್ತು. ಹಡಗಿನ ಊಟದ ರಾತ್ರಿ ಅದನ್ನು ಹಾಕಿಕೊಂಡು ಹೊರಟರು. ಲಿಫ್ಟಿನ ಹತ್ತಿರ ತಿರುಗಿ ನೋಡಿದರೆ ಕಾರ್ಪೆಟ್ ಮೇಲೆ ಉದ್ದಕ್ಕೂ ಕಪ್ಪು ಪುಡಿ, ಗಸಗಸೆ ಚೆಲ್ಲಿದ ಹಾಗೆ. ಬಗ್ಗಿ ನೋಡಿದರೆ ಎಡಗಾಲಿನ ಹಿಮ್ಮಡಿ ಅರ್ಧ ಇಲ್ಲ. ಮನೆಯವರೆಲ್ಲ ನಕ್ಕರೂ ಅವರಿಗೆ ಅವತ್ತು ಊಟ ಸೇರಲಿಲ್ಲ ಪಾಪ.

ಇದು ಪಿಯು ಸೋಲ್, ಅಂದರೆ ಪಾಲಿಯುರಿಥೇನ್ ಅಟ್ಟೆಯ ಗುಣ. ಗಾಳಿಯಲ್ಲಿರುವ ತೇವ ಅದನ್ನು ವರ್ಷಗಟ್ಟಲೆ ನಿಧಾನಕ್ಕೆ ಒಳಗಿಂದ ಒಡೆಯುತ್ತದೆ. ಹಾಕದೆ ಇಟ್ಟರೆ ಉಳಿಯುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪರೀಕ್ಷೆ ಸುಲಭ. ಶೂವನ್ನು ಎರಡೂ ಕೈಯಲ್ಲಿ ಹಿಡಿದು ನಡುವೆ ಬಗ್ಗಿಸಿ. ಹಿಮ್ಮಡಿಗೆ ಉಗುರು ಒತ್ತಿ. ಬಿರುಕು ಕಂಡರೆ, ಪುಡಿ ಉದುರಿದರೆ, ಅಂಟಂಟಾಗಿದ್ದರೆ ಅದು ಹೋಯಿತು ಅಂತಲೇ. ಅಟ್ಟೆ ಬರೀ ಅಂಚಿನಲ್ಲಿ ಬಿಟ್ಟಿದ್ದರೆ ಬೀದಿ ಕೊನೆಯ ಚಮ್ಮಾರರ ಹತ್ತಿರ ಅಂಟು ಹಾಕಿಸಿ, ಸುತ್ತ ಹೊಲಿಗೆಯನ್ನೂ ಹಾಕಿಸಿ. ಕಡಲ ನೀರು ತಾಗುವ ಕಡೆ ಬರೀ ಅಂಟು ನಂಬಬೇಡಿ.

ಪ್ಯಾಕ್ ಮಾಡುವುದು

ಮೂರರಲ್ಲಿ ಅತಿ ಭಾರದ್ದು ಕಾಲಿಗೆ ಹಾಕಿಕೊಂಡು ವಿಮಾನ ಹತ್ತಿ. ಉಳಿದ ಎರಡರ ಒಳಗೆ ಸಾಕ್ಸ್, ಚಾರ್ಜರ್ ತುಂಬಿ. ಸಾಕ್ಸ್ ಮುಗಿದರೆ ಹಳೇ ನ್ಯೂಸ್‌ಪೇಪರ್ ಉಂಡೆ ಮಾಡಿ ತುರುಕಿ, ಮುಂದೆ ಅದರ ಕೆಲಸ ಇದೆ. ಶೂಗಳನ್ನು ಚೀಲಕ್ಕೆ ಹಾಕಿ ಸೂಟ್‌ಕೇಸಿನ ಚಕ್ರದ ಕಡೆ ಇಡಿ, ನಿಲ್ಲಿಸಿದಾಗ ಭಾರ ಕೆಳಗೆ ಕೂರುತ್ತದೆ, ಬಟ್ಟೆ ಮುದುಡುವುದಿಲ್ಲ. ಹೋಟೆಲಿನಲ್ಲಿ ಕೊಡುವ ಶವರ್ ಕ್ಯಾಪ್ ಎತ್ತಿಟ್ಟಿದ್ದರೆ ಅಟ್ಟೆಗೆ ಹಾಕಲು ಅದಕ್ಕಿಂತ ಒಳ್ಳೇ ಕವರ್ ಬೇರೆ ಇಲ್ಲ.

ಹಡಗು ಹತ್ತುವ ದಿನದ್ದೇ ಒಂದು ಪಾಠ. ದೊಡ್ಡ ಸೂಟ್‌ಕೇಸನ್ನು ಟರ್ಮಿನಲ್‌ನಲ್ಲೇ ಸಿಬ್ಬಂದಿಗೆ ಒಪ್ಪಿಸುತ್ತೀರಿ. ಅದು ರೂಮಿನ ಬಾಗಿಲಿಗೆ ಬರುವಾಗ ಸಂಜೆಯಾಗಬಹುದು. ಅಷ್ಟು ಹೊತ್ತು ಮಕ್ಕಳು ಈಜುಕೊಳ ನೋಡಿಕೊಂಡು ಸುಮ್ನೆ ಕೂರುತ್ತಾರಾ? ಅವರ ಚಪ್ಪಲಿ, ಈಜುಡುಗೆ ಕೈಚೀಲದಲ್ಲಿರಲಿ. ಹಡಗು ಬಿಡುವ ಮೊದಲು ಸುರಕ್ಷತಾ ತಾಲೀಮು ಇರುತ್ತದೆ, ನಿಮ್ಮ ಗುಂಪು ಸೇರುವ ಜಾಗಕ್ಕೆ ನಡೆದು ಹೋಗಬೇಕಾಗುತ್ತದೆ. ಅದಕ್ಕೂ ಹೀಲ್ಸ್ ಬೇಡ.

ರೂಮಿನಲ್ಲಿ

ಬಾಗಿಲ ಹೊರಗೆ ಚಪ್ಪಲಿ ಬಿಡುವುದು ನಮ್ಮ ಕೈಗೆ ಕಾಲಿಗೆ ಅಂಟಿದ ಅಭ್ಯಾಸ. ಹಡಗಿನಲ್ಲಿ ಮಾಡಬೇಡಿ. ಓಣಿ ಕಿರಿದು, ತಳ್ಳುಗಾಡಿ ಓಡಾಡುತ್ತದೆ, ಅವಸರದಲ್ಲಿ ಯಾರಾದರೂ ಎಡವಿ ಬೀಳುತ್ತಾರೆ. ಒಳಗೆ ಬಾಗಿಲ ಪಕ್ಕ ಆ ನ್ಯೂಸ್‌ಪೇಪರ್ ಹಾಸಿ ಅದರ ಮೇಲೆ ಬಿಡಿ. ಉಳಿದವು ಮಂಚದ ಕೆಳಗೆ, ಖಾಲಿ ಸೂಟ್‌ಕೇಸಿನ ಪಕ್ಕ. ನಡೆಯುವ ದಾರಿಯಲ್ಲಿ ಒಂದೂ ಬೇಡ. ಬಚ್ಚಲಿಗೆ ಎತ್ತರದ ಹೊಸ್ತಿಲು ಇರುತ್ತದೆ, ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದವರ ಹೆಬ್ಬೆರಳಿಗೆ ಅದೇ ಮೊದಲ ಶತ್ರು.

ಬೀಚಿನಿಂದ ಬಂದ ಫ್ಲೋಟರ್ಸನ್ನು ಶವರ್‌ನಲ್ಲಿ ಸಿಹಿನೀರಿಂದ ತೊಳೆಯಿರಿ. ಉಪ್ಪು ಉಳಿದರೆ ವೆಲ್ಕ್ರೋ ಬಿಗಿಯಾಗುತ್ತದೆ, ಪಟ್ಟಿ ಚರ್ಮ ಕೆರೆಯುತ್ತದೆ. ಮಳೆಗೆ ಸಿಕ್ಕ ಶೂ ಆದರೆ ಇನ್‌ಸೋಲ್ ತೆಗೆದು, ಒಳಗೆ ಪೇಪರ್ ಉಂಡೆ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸಿ. ಕಿಟಕಿ ಇಲ್ಲದ ರೂಮಿನಲ್ಲಿ ಒದ್ದೆ ಶೂ ಬಿಟ್ಟು ಮಲಗಿದರೆ ಬೆಳಿಗ್ಗೆ ವಾಸನೆಗೇ ಎಚ್ಚರವಾಗುತ್ತದೆ.

ಕೊನೆಯ ರಾತ್ರಿ ಅನೇಕ ಹಡಗುಗಳಲ್ಲಿ ಸೂಟ್‌ಕೇಸಿಗೆ ಟ್ಯಾಗ್ ಕಟ್ಟಿ ಮಲಗುವ ಮೊದಲು ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ರಾತ್ರಿಯೇ ಅವನ್ನು ಒಯ್ಯುತ್ತಾರೆ, ಬೆಳಿಗ್ಗೆ ಇಳಿದ ಮೇಲೆಯೇ ಮತ್ತೆ ಕೈಗೆ ಸಿಗುವುದು. ಹೊರಗಿಡುವ ಮೊದಲು ಮನೆಯವರೆಲ್ಲರ ಬೆಳಗಿನ ಶೂ, ಸಾಕ್ಸ್ ರೂಮಿನೊಳಗೆ ಸಾಲಾಗಿ ಇದೆಯಾ ಅಂತ ಎಣಿಸಿ. ಸಾಮಾನು ಕಟ್ಟುವ ಉತ್ಸಾಹದಲ್ಲಿ ಎಲ್ಲ ಒಳಗೆ ಹಾಕಿ, ಹವಾಯಿ ಚಪ್ಪಲಿಯಲ್ಲೇ ಸಿಂಗಪುರದ ವಿಮಾನ ನಿಲ್ದಾಣಕ್ಕೆ ಬರುವವರು ಇದ್ದೇ ಇರುತ್ತಾರೆ. ಬಾಲ್ಕನಿ ಇದ್ದರೆ ಅಲ್ಲಿ ಒಣಗಲು ಇಟ್ಟಿದ್ದನ್ನೂ ಒಮ್ಮೆ ನೋಡಿಕೊಳ್ಳಿ.